ಮೊದಲು ಔಷಧಿ, ಆಮೇಲೆ ಆಪರೇಷನ್: ಗಂಟಿಗೆ ಹಬ್ಬಿದ ಮೆಲನೋಮದಲ್ಲಿ ಚಿಕಿತ್ಸೆಯ ಕ್ರಮ ಯಾಕೆ ಬದಲಾಯಿತು

ಕಂಕುಳಲ್ಲೋ ತೊಡೆಸಂದಿಯಲ್ಲೋ ಕುತ್ತಿಗೆಯಲ್ಲೋ ಕೈಗೆ ಸಿಗುವ ಗಂಟು. ಸೂಜಿ ಹಾಕಿ ನೋಡಿದರೆ ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶ, ಲಿವರ್, ಮೂಳೆ, ಮೆದುಳು ಎಲ್ಲೂ ಏನೂ ಇಲ್ಲ. ಸರ್ಜನ್ ಪರೀಕ್ಷಿಸಿ, ಪೂರ್ತಿ ತೆಗೆಯಬಹುದು ಅನ್ನುತ್ತಾರೆ. ಇದು ಮೂರನೇ ಹಂತದ ಮೆಲನೋಮ, ಅಂದರೆ ಲಿಂಫ್ ಗ್ರಂಥಿಯವರೆಗೆ ಹಬ್ಬಿ ಬೇರೆ ಅಂಗಗಳಿಗೆ ಹೋಗದ್ದು. ಮನೆಯವರಿಗೆ ಆ ಹೊತ್ತಿನಲ್ಲಿ ತೋಚುವುದು ಒಂದೇ: ಹರಡುವ ಮೊದಲೇ ತೆಗೆಸಿಬಿಡೋಣ, ಈ ವಾರವೇ ಆದರೆ ಇನ್ನೂ ಒಳ್ಳೆಯದು.

ಈ ಅವಸರವೇ ಈಗ ರೋಗಿಗೆ ದೊಡ್ಡ ನಷ್ಟ. ಗಂಟು ಇನ್ನೂ ಒಳಗಿರುವಾಗಲೇ ಎರಡು ಇಮ್ಯುನೊಥೆರಪಿ ಔಷಧಿಗಳನ್ನು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವಂಥವು) ಜೋಡಿಸಿ ಕೊಟ್ಟು, ಆರನೇ ವಾರ ಆಪರೇಷನ್ ಮಾಡಿದರೆ ಕಾಯಿಲೆ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ. ಅವೇ ಬಗೆಯ ಔಷಧಿಯನ್ನು ಆಪರೇಷನ್ ಆದ ಮೇಲೆ ವರ್ಷಪೂರ್ತಿ ಕೊಟ್ಟರೂ ಅಷ್ಟು ಲಾಭ ಸಿಗುವುದಿಲ್ಲ. ಒಮ್ಮೆ ಗಂಟು ತೆಗೆದುಬಿಟ್ಟರೆ ಈ ಅವಕಾಶ ಮತ್ತೆ ಬರುವುದಿಲ್ಲ. ಆದ್ದರಿಂದ ನಿರ್ಧಾರ ಆಗಬೇಕಾದದ್ದು ಮೊದಲ ಕತ್ತರಿ ಬೀಳುವ ಮುಂಚೆ.

ಇದಕ್ಕೆ ಬಲವಾದ ಆಧಾರ ನಾಡಿನಾ ಎಂಬ ಪ್ರಯೋಗ, ಎರಡು ಚಿಕಿತ್ಸೆಗಳನ್ನು ಎದುರುಬದುರು ಇಟ್ಟು ನೋಡಿದ ಫೇಸ್ 3 ಪ್ರಯೋಗ. ಆಮ್‌ಸ್ಟರ್‌ಡ್ಯಾಮಿನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಕ್ರಿಶ್ಚಿಯನ್ ಬ್ಲ್ಯಾಂಕ್ ಅದರ ಮುಂದಾಳು. ಫಲಿತಾಂಶ ಪ್ರಕಟವಾದದ್ದು 2024ರ ಜೂನ್‌ನಲ್ಲಿ. ಒಟ್ಟು 423 ಜನ. ಅರ್ಧದಷ್ಟು ಜನರಿಗೆ ಇಪಿಲಿಮುಮ್ಯಾಬ್ 80 ಮಿ.ಗ್ರಾಂ ಮತ್ತು ನಿವೊಲುಮ್ಯಾಬ್ 240 ಮಿ.ಗ್ರಾಂ, ಮೂರು ವಾರದ ಅಂತರದಲ್ಲಿ ಎರಡೇ ಸಲ; ಆರನೇ ವಾರ ಗಂಟುಗಳ ಆಪರೇಷನ್. ಉಳಿದ ಅರ್ಧ ಜನರಿಗೆ ಮೊದಲು ಆಪರೇಷನ್, ಆಮೇಲೆ ನಿವೊಲುಮ್ಯಾಬ್ 480 ಮಿ.ಗ್ರಾಂ ನಾಲ್ಕು ವಾರಕ್ಕೊಮ್ಮೆ, 12 ಸಲ. ಒಂದು ವರ್ಷದ ಕೊನೆಗೆ ಕಾಯಿಲೆ ಬೆಳೆಯದೆ, ಮರುಕಳಿಸದೆ, ಕಾಯಿಲೆಯಿಂದಲೋ ಚಿಕಿತ್ಸೆಯಿಂದಲೋ ಸಾವು ಬರದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 83.7, ಎರಡನೆಯದರಲ್ಲಿ ಶೇ. 57.2. ಕ್ಯಾನ್ಸರ್ ಪ್ರಯೋಗಗಳಲ್ಲಿ ಇಷ್ಟು ಅಗಲದ ಅಂತರ ಸುಲಭಕ್ಕೆ ಕಾಣಸಿಗುವುದಿಲ್ಲ. ಇನ್ನೊಂದು ಮಾತು: ಮೊದಲ ಗುಂಪಿನ ಶೇ. 59 ಜನರಿಗೆ ಗಂಟಿನಲ್ಲಿ ಜೀವಂತ ಕ್ಯಾನ್ಸರ್ ಶೇ. 10ಕ್ಕಿಂತ ಹೆಚ್ಚು ಉಳಿದಿರಲಿಲ್ಲ. ಅವರಿಗೆ ಆಪರೇಷನ್ ಆದ ಮೇಲೆ ಮತ್ತೆ ಯಾವ ಔಷಧಿಯನ್ನೂ ಕೊಡಲಿಲ್ಲ. ಎರಡು ಡ್ರಿಪ್, ಒಂದು ಆಪರೇಷನ್, ಚಿಕಿತ್ಸೆ ಮುಗಿಯಿತು.

ಕ್ರಮ ಬದಲಿಸಿದ್ದಕ್ಕೇ ಇಷ್ಟು ವ್ಯತ್ಯಾಸ ಹೇಗೆ? ಈ ಔಷಧಿಗಳು ಕೀಮೋ ಅಲ್ಲ, ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮ ಬಿಳಿ ರಕ್ತಕೋಶಗಳಾದ ಟಿ ಕೋಶಗಳ ಮೇಲಿರುವ ತಡೆಗಳನ್ನು ತೆಗೆಯುತ್ತವೆ. ಇಪಿಲಿಮುಮ್ಯಾಬ್ ತೆಗೆಯುವುದು ಸಿಟಿಎಲ್‌ಎ-4 ಎಂಬ ತಡೆಯನ್ನು. ಅದರ ಕೆಲಸ ಹೆಚ್ಚಾಗಿ ಟಿ ಕೋಶ ಶತ್ರುವನ್ನು ಮೊದಲ ಸಲ ಗುರುತಿಸುವ ಹೊತ್ತಿನಲ್ಲಿ. ನಿವೊಲುಮ್ಯಾಬ್ ತೆಗೆಯುವುದು ಪಿಡಿ-1 ತಡೆಯನ್ನು. ಅದು ಗಡ್ಡೆಯೊಳಗೆ ಹೋಗಿ ದಣಿದು ಕೂತ ಟಿ ಕೋಶಗಳನ್ನು ಮತ್ತೆ ಎಬ್ಬಿಸುತ್ತದೆ. ಈ ಎರಡು ತಡೆಗಳನ್ನು ತೆಗೆದರೆ ಕ್ಯಾನ್ಸರ್‌ಗೆ ಚಿಕಿತ್ಸೆಯಾಗುತ್ತದೆಂದು ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದದ್ದು. ಗಂಟು ಒಳಗೇ ಇದ್ದರೆ ಟಿ ಕೋಶಗಳಿಗೆ ಆ ಕ್ಯಾನ್ಸರಿನ ಎಲ್ಲ ಬಗೆಯ ಗುರುತುಗಳೂ ಒಂದೇ ಕಡೆ ಸಿಗುತ್ತವೆ, ಅವನ್ನು ಕಲಿತ ಕೋಶಗಳು ವೃದ್ಧಿಯಾಗಿ ರಕ್ತದಲ್ಲಿ ಮೈಯೆಲ್ಲ ಸುತ್ತುತ್ತವೆ. ಸ್ಕ್ಯಾನ್‌ಗೆ ಕಾಣದಂತೆ ಬೇರೆಲ್ಲೋ ಕೂತಿರುವ ಕಣಗಳನ್ನು ಹುಡುಕಿ ಕೊಲ್ಲಬೇಕಾದವು ಇವೇ. ಗಂಟನ್ನು ಮೊದಲೇ ತೆಗೆದರೆ ಕ್ಯಾನ್ಸರಿನ ಗುರುತುಗಳ ಜೊತೆಗೆ, ಅವನ್ನು ಅರ್ಧ ಕಲಿತು ಅದರೊಳಗೇ ಕೂತಿದ್ದ ಟಿ ಕೋಶಗಳೂ ಬಕೆಟ್ಟಿಗೆ ಹೋಗುತ್ತವೆ.

ಇಲಿಗಳಲ್ಲಿ ಇದು 2016ರಲ್ಲೇ ಕಂಡಿತ್ತು. ಮನುಷ್ಯರಲ್ಲಿ ಮೊದಲು ನೋಡಿದ್ದು ಆಪಾಸಿನ್ ಎಂಬ 20 ಜನರ ಪುಟ್ಟ ಪ್ರಯೋಗದಲ್ಲಿ. ಆಪರೇಷನ್‌ಗೆ ಮೊದಲು ಔಷಧಿ ಪಡೆದ 10 ಜನರ ರಕ್ತದಲ್ಲಿ, ಗಡ್ಡೆಯಿಂದ ಬಂದ ಟಿ ಕೋಶದ ವಂಶಗಳು ಹೆಚ್ಚು ಬೆಳೆದಿದ್ದವು. ಆದರೆ ಎರಡೂ ಗುಂಪುಗಳಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ತೀವ್ರ ಅಡ್ಡಪರಿಣಾಮ ಬಂತು. ಲಾಭ ಕಂಡಿತು, ಬೆಲೆ ಮಾತ್ರ ತಡೆಯಲಾಗದಷ್ಟಿತ್ತು.

ದಾರಿ ತೆರೆದದ್ದು ಅದರ ಮುಂದಿನ ಪ್ರಯೋಗ, ಆಪಾಸಿನ್-ನಿಯೊ, 86 ಜನರದ್ದು. ಅಲ್ಲಿ ಎರಡು ಔಷಧಿಗಳ ಪ್ರಮಾಣವನ್ನು ತಿರುಗುಮುರುಗು ಮಾಡಿ ನೋಡಿದರು. ದೇಹತೂಕದ ಒಂದು ಕಿಲೋಗೆ ಇಪಿಲಿಮುಮ್ಯಾಬ್ 3, ನಿವೊಲುಮ್ಯಾಬ್ 1 ಮಿ.ಗ್ರಾಂ ಕೊಟ್ಟಾಗ ತೀವ್ರ ಅಡ್ಡಪರಿಣಾಮ ಶೇ. 40 ಜನರಿಗೆ. ಇಪಿಲಿಮುಮ್ಯಾಬ್ 1, ನಿವೊಲುಮ್ಯಾಬ್ 3 ಮಾಡಿದಾಗ ಶೇ. 20 ಜನರಿಗೆ. ಗಂಟಿನಲ್ಲಿ ಕಂಡ ಪ್ರತಿಕ್ರಿಯೆ ಮಾತ್ರ ಹೆಚ್ಚುಕಡಿಮೆ ಅಷ್ಟೇ: ಶೇ. 80 ಮತ್ತು 77. ಅಂದರೆ ಇಪಿಲಿಮುಮ್ಯಾಬ್ ಜಾಸ್ತಿ ಹಾಕಿದಷ್ಟೂ ಜಾಸ್ತಿಯಾದದ್ದು ತೊಂದರೆ, ಲಾಭವಲ್ಲ. ನಾಡಿನಾದ 80 ಮತ್ತು 240 ಮಿ.ಗ್ರಾಂ ಈ ಎರಡನೇ ಲೆಕ್ಕದಿಂದಲೇ ಬಂದದ್ದು: 80 ಕಿಲೋ ತೂಕದ ಮನುಷ್ಯನಿಗೆ ಕಿಲೋಗೆ 1 ಮತ್ತು 3.

ನಮ್ಮ ಕಡೆಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. 50 ಕಿಲೋ ತೂಗುವ ಹೆಂಗಸಿಗೆ ಅದೇ 80 ಮಿ.ಗ್ರಾಂ ಕೊಟ್ಟರೆ ಕಿಲೋಗೆ 1.6 ಮಿ.ಗ್ರಾಂ ಆಗುತ್ತದೆ. ನಿವೊಲುಮ್ಯಾಬ್ ಪ್ರಮಾಣ ಹೀಗೆ ಏರಿದರೆ ದೊಡ್ಡ ವ್ಯತ್ಯಾಸವಾಗದು. ಇಪಿಲಿಮುಮ್ಯಾಬ್ ಹಾಗಲ್ಲ, ಅದರ ತೊಂದರೆ ಪ್ರಮಾಣದ ಜೊತೆಗೇ ಏರುತ್ತದೆ. ಸಣಕಲು ಮೈಯವರಿಗೆ ಕಿಲೋ ಲೆಕ್ಕದಲ್ಲಿ ಕೊಡಬಹುದೇ ಎಂದು ಆಂಕಾಲಜಿಸ್ಟನ್ನು ಕೇಳುವುದು ನ್ಯಾಯವಾದ ಪ್ರಶ್ನೆ. ಇಪಿಲಿಮುಮ್ಯಾಬ್ ಬರುವುದು 50 ಮತ್ತು 200 ಮಿ.ಗ್ರಾಂ ವಯಲ್‌ಗಳಲ್ಲಿ. ಕಿಲೋಗೆ 1 ಲೆಕ್ಕದಲ್ಲಿ 50 ಕಿಲೋದವರಿಗೆ ಒಂದೇ ವಯಲ್ ಸಾಕು, 80 ಮಿ.ಗ್ರಾಂಗೆ ಎರಡು ಒಡೆಯಬೇಕು. ಬಿಲ್ಲಿನಲ್ಲಿ ಇದು ಸಣ್ಣ ಮಾತಲ್ಲ.

ಔಷಧಿ ಶುರುವಾಗುವ ಮುಂಚಿನ ಕೆಲಸ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಮೊದಲನೆಯದು, ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸುವುದು. ಟಿಬಿ ಇರಬಹುದು ಎಂಬ ಅನುಮಾನದಲ್ಲಿ ನಮ್ಮಲ್ಲಿ ಕುತ್ತಿಗೆ, ಕಂಕುಳ ಗಂಟುಗಳನ್ನು ಇಡಿಯಾಗಿ ತೆಗೆಯುವ ರೂಢಿ ಇದೆ. ಮೈಮೇಲೆ ಕಪ್ಪು ಮಚ್ಚೆ ಇರುವವರಿಗೆ, ಹಿಂದೆ ಮಚ್ಚೆ ತೆಗೆಸಿಕೊಂಡವರಿಗೆ, ಅಂಗಾಲಿನಲ್ಲಿ ಮಾಯದ ಹುಣ್ಣಿರುವವರಿಗೆ ಗಂಟು ಬಂದರೆ ಹಾಗೆ ಮಾಡಬಾರದು. ಅಲ್ಟ್ರಾಸೌಂಡ್ ನೋಡಿಕೊಂಡು ಕೋರ್ ಸೂಜಿಯಲ್ಲಿ ಚೂರು ತೆಗೆದರೆ ಸಾಕು. ಅದೇ ಚೂರಿನಲ್ಲಿ ಬಿಆರ್‌ಎಎಫ್ ಎಂಬ ಜೀನ್ ಬದಲಾಗಿದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿಡಬೇಕು. ಔಷಧಿ ಚೆನ್ನಾಗಿ ಕೆಲಸ ಮಾಡಿದರೆ ಆರು ವಾರದ ನಂತರ ಪರೀಕ್ಷೆ ಮಾಡಲು ಕ್ಯಾನ್ಸರ್ ಕೋಶವೇ ಉಳಿದಿರುವುದಿಲ್ಲ.

ಚೂರು ತೆಗೆಯುವಾಗಲೇ ಗಂಟಿನೊಳಗೆ ಒಂದು ಸಣ್ಣ ಲೋಹದ ಕ್ಲಿಪ್ ಬಿಡಿಸಬೇಕು. ಕೆಲವರಲ್ಲಿ ಗಂಟು ಆರು ವಾರದಲ್ಲಿ ಎಷ್ಟು ಕರಗುತ್ತದೆಂದರೆ ಕ್ಯಾನ್ಸರ್ ಇದ್ದದ್ದು ಯಾವುದರಲ್ಲಿ ಎಂದು ಸರ್ಜನ್‌ಗಾಗಲಿ ಪ್ಯಾಥಾಲಜಿಸ್ಟ್‌ಗಾಗಲಿ ಗೊತ್ತಾಗುವುದಿಲ್ಲ. ತಪ್ಪು ಗಂಟನ್ನು ಪರೀಕ್ಷಿಸಿ ಕ್ಯಾನ್ಸರ್ ಇಲ್ಲ ಎಂದು ಬರೆದರೆ ಮುಂದಿನ ಎಲ್ಲ ನಿರ್ಧಾರವೂ ತಪ್ಪುತ್ತದೆ.

ಪೆಟ್-ಸಿಟಿ ಜೊತೆಗೆ ಮೆದುಳಿನ ಎಂಆರ್‌ಐ ಬೇಕೇ ಬೇಕು. ಮೆದುಳಿನ ಸಣ್ಣ ಗಡ್ಡೆಗಳು ಪೆಟ್‌ನಲ್ಲಿ ತಪ್ಪಿಹೋಗುತ್ತವೆ. ರಕ್ತದಲ್ಲಿ ಲಿವರ್, ಕಿಡ್ನಿ, ಸೋಡಿಯಂ, ಸಕ್ಕರೆ, ಎಲ್‌ಡಿಎಚ್, ಟಿಎಸ್‌ಎಚ್, ಫ್ರೀ ಟಿ4, ಬೆಳಿಗ್ಗೆ 8ರ ಸುಮಾರಿಗೆ ಕಾರ್ಟಿಸಾಲ್ (ದೇಹ ಒತ್ತಡ ತಾಳಲು ಬೇಕಾದ ಹಾರ್ಮೋನ್); ಜೊತೆಗೆ ಇಸಿಜಿ, ಹೃದಯ ಮತ್ತು ಸ್ನಾಯುಗಳಿಗೆ ಬಿದ್ದ ಪೆಟ್ಟು ತೋರಿಸುವ ಟ್ರೋಪೋನಿನ್, ಸಿಕೆ. ಈಗಿನ ಅಂಕಿ ಕೈಯಲ್ಲಿದ್ದರೆ ಮುಂದೆ ಏನು ಏರಿತು, ಏನು ಇಳಿಯಿತು ಎಂದು ಹೇಳಬಹುದು. ಟ್ರೋಪೋನಿನ್ ಮೊದಲೇ ಮಾಡಿಸದಿದ್ದರೆ, ಐದನೇ ವಾರ ಅದು ಚೂರು ಏರಿ ಕಂಡಾಗ ಹಳೆಯದೋ ಹೊಸದೋ ತಿಳಿಯದೆ ಎಲ್ಲರೂ ಒದ್ದಾಡುತ್ತಾರೆ.

ಹೆಪಟೈಟಿಸ್ ಬಿ ಪರೀಕ್ಷೆ ಮತ್ತು ಟಿಬಿಯ ತಪಾಸಣೆ ನಮ್ಮ ದೇಶದಲ್ಲಿ ಬಿಡಲೇಬಾರದ ಎರಡು. ಅಡ್ಡಪರಿಣಾಮ ಬಂದರೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್, ಅದಕ್ಕೂ ಬಗ್ಗದಿದ್ದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಕೊಡಬೇಕಾಗಬಹುದು. ಒಳಗೆ ಮಲಗಿರುವ ಟಿಬಿಯೂ ಹೆಪಟೈಟಿಸ್ ಬಿಯೂ ಆಗ ಏಳುತ್ತವೆ. ಬೇಧಿಯಾಗಿ ರೋಗಿ ಐಸಿಯುನಲ್ಲಿ ಮಲಗಿದ ಮೇಲೆ ಟಿಬಿ ಪರೀಕ್ಷೆಯ ರಿಪೋರ್ಟಿಗೆ ಕಾಯುವ ಪರಿಸ್ಥಿತಿ ಬರಬಾರದು.

ಮನೆಮದ್ದಿನ ವಿಷಯವನ್ನೂ ಬಿಚ್ಚಿ ಮಾತಾಡಬೇಕು. ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಕುಡಿಯುವವರು ಬಹಳ. ಅಮೃತಬಳ್ಳಿಯಿಂದ ಲಿವರ್‌ಗೆ ಆಟೋಇಮ್ಯೂನ್ ಬಗೆಯ ಪೆಟ್ಟು ಬಿದ್ದ ಪ್ರಕರಣಗಳನ್ನು ಭಾರತದ ಲಿವರ್ ತಜ್ಞರೇ ದಾಖಲಿಸಿದ್ದಾರೆ. ಇಮ್ಯುನೊಥೆರಪಿಯೂ ಲಿವರ್‌ಗೆ ಅದೇ ಬಗೆಯ ಪೆಟ್ಟು ಕೊಡಬಲ್ಲದು. ಎರಡೂ ಒಟ್ಟಿಗೆ ನಡೆದರೆ ತಪ್ಪು ಯಾವುದರದ್ದು ಎಂದು ತೀರ್ಮಾನಿಸಲಾಗದೆ, ಕೆಲಸ ಮಾಡುತ್ತಿದ್ದ ಔಷಧಿಯನ್ನೇ ನಿಲ್ಲಿಸಬೇಕಾಗುತ್ತದೆ. ಡ್ರಿಪ್ ಶುರುವಾಗುವ ಮೊದಲೇ ನಿಲ್ಲಿಸಿ. ಹೆಸರಿಲ್ಲದ ನೋವಿನ ಪುಡಿ, ಲೇಬಲ್ ಇಲ್ಲದ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ದಿನಕ್ಕೆ 10 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗಿಂತ ಹೆಚ್ಚು ಸ್ಟೀರಾಯ್ಡ್ ಮೈಯಲ್ಲಿದ್ದಾಗ ಇಮ್ಯುನೊಥೆರಪಿ ಶುರು ಮಾಡುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಸಂಧಿವಾತ, ಸೋರಿಯಾಸಿಸ್, ಲೂಪಸ್, ಕರುಳಿನ ಹುಣ್ಣಿನ ಕಾಯಿಲೆ ಹಿಂದೆ ಇದ್ದರೆ, ಅಂಗಾಂಗ ಕಸಿ ಆಗಿದ್ದರೆ ಮೊದಲ ಭೇಟಿಯಲ್ಲೇ ಹೇಳಬೇಕು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸುವ ಅಪಾಯ ನಿಜವಾದದ್ದು.

ಆ ಆರು ವಾರ

ಡ್ರಿಪ್ ಹಾಕುವ ದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೊದಲು ನಿವೊಲುಮ್ಯಾಬ್ ಅರ್ಧ ಗಂಟೆ, ಆಮೇಲೆ ಬೇರೆ ಬ್ಯಾಗ್, ಬೇರೆ ಫಿಲ್ಟರಿನಲ್ಲಿ ಇಪಿಲಿಮುಮ್ಯಾಬ್. ಎರಡನ್ನೂ ಒಂದೇ ಬಾಟಲಿಗೆ ಬೆರೆಸುವಂತಿಲ್ಲ. ಕೂದಲು ಉದುರುವುದಿಲ್ಲ, ಹೆಚ್ಚಿನವರಿಗೆ ವಾಂತಿಯೂ ಇಲ್ಲ. ಕೀಮೋ ನೋಡಿ ಹೆದರಿದ್ದ ಮನೆಯವರಿಗೆ ಇಷ್ಟೇನಾ ಅನ್ನಿಸಿ ನಿರಾಳವಾಗುತ್ತದೆ. ಅಪಾಯ ಇರುವುದು ಆ ನಿರಾಳದಲ್ಲೇ, ಏಕೆಂದರೆ ತೊಂದರೆಗಳು ಬರುವುದು ಎರಡನೇ ವಾರದಿಂದ ಮುಂದಕ್ಕೆ. ನಾಡಿನಾದಲ್ಲಿ ಎರಡೇ ಡೋಸ್ ಪಡೆದ ಗುಂಪಿನಲ್ಲೂ ಔಷಧಿಯಿಂದ ತೀವ್ರ ಅಡ್ಡಪರಿಣಾಮ ಕಂಡವರು ಶೇ. 29.7, ಆಪರೇಷನ್ ನಂತರ ಒಂದೇ ಔಷಧಿ ಪಡೆದವರಲ್ಲಿ ಶೇ. 14.7. ಜೋಡಿ ಔಷಧಿಯ ಬೆಲೆ ಇದು.

ಬೇಧಿಯನ್ನೇ ತೆಗೆದುಕೊಳ್ಳೋಣ, ಎಡವುವುದು ಹೆಚ್ಚಾಗಿ ಇಲ್ಲೇ. ರೋಗಿಗೆ ದಿನಾ ಆಗುವುದಕ್ಕಿಂತ ನಾಲ್ಕು ಸಲ ಹೆಚ್ಚು ಆದರೆ ಅದು ಎರಡನೇ ದರ್ಜೆ, ಏಳು ಸಲ ಹೆಚ್ಚಾದರೆ ಮೂರನೇ ದರ್ಜೆ. ಮನೆಯಲ್ಲಿ ಏನಾಗುತ್ತದೆ? ನಿನ್ನೆ ತಿಂದದ್ದು ಆಗಿಬರಲಿಲ್ಲ ಎಂದು ಮಜ್ಜಿಗೆ ಕೊಡುತ್ತಾರೆ, ಬೀದಿ ಕೊನೆಯ ಮೆಡಿಕಲ್‌ನಿಂದ ಬೇಧಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ತರುತ್ತಾರೆ. ಲೋಪೆರಮೈಡ್ ಬೇಧಿಯ ಲೆಕ್ಕವನ್ನು ಮುಚ್ಚಿಡುತ್ತದೆ, ಕರುಳಿನ ಉರಿಯೂತ ಒಳಗೊಳಗೇ ಬೆಳೆದು ಕರುಳು ತೂತಾಗುವವರೆಗೂ ಹೋಗಬಹುದು. ಮಲದಲ್ಲಿ ರಕ್ತ, ಲೋಳೆ, ಹೊಟ್ಟೆ ಹಿಡಿದುಕೊಳ್ಳುವ ನೋವು ಇದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಮಲಪರೀಕ್ಷೆಯಲ್ಲಿ ಸೋಂಕು ನೋಡಬೇಕಾದದ್ದೂ ಹೌದು, ನಮ್ಮಲ್ಲಿ ಅಮೀಬಾ ಅಪರೂಪವಲ್ಲ. ತೀವ್ರವಾದರೆ ಕಿಲೋಗೆ 1ರಿಂದ 2 ಮಿ.ಗ್ರಾಂ ಲೆಕ್ಕದಲ್ಲಿ ಸ್ಟೀರಾಯ್ಡ್. ಮೂರರಿಂದ ಐದು ದಿನದಲ್ಲಿ ಹತೋಟಿಗೆ ಬರದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಕಿಲೋಗೆ 5 ಮಿ.ಗ್ರಾಂ. ಬೇಧಿ ನಿಂತಿತು ಎಂದು ಸ್ಟೀರಾಯ್ಡನ್ನು ವಾರದಲ್ಲೇ ಬಿಟ್ಟರೆ ಎರಡು ಪಟ್ಟಾಗಿ ಮರಳುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಇಳಿಸುತ್ತ ಬರಬೇಕು.

ಲಿವರ್ ಅಂಕಿ ಏರುವುದು ಸದ್ದಿಲ್ಲದೆ. ಕಾಮಾಲೆ ಕಾಣುವವರೆಗೆ ಕಾಯದೆ ಎರಡನೇ ಡೋಸ್‌ಗೆ ಮುಂಚೆ, ಆಪರೇಷನ್‌ಗೆ ಮುಂಚೆ ಪರೀಕ್ಷಿಸಬೇಕು. ಇಲ್ಲಿ ಸ್ಟೀರಾಯ್ಡ್ ಸಾಲದಿದ್ದರೆ ಮೈಕೊಫಿನೊಲೇಟ್ ಸೇರಿಸುತ್ತಾರೆ. ಇನ್‌ಫ್ಲಿಕ್ಸಿಮ್ಯಾಬ್ ತಾನೇ ಲಿವರ್‌ಗೆ ಪೆಟ್ಟು ಕೊಡಬಲ್ಲದಾದ್ದರಿಂದ ಅದನ್ನು ಇಲ್ಲಿ ಬಳಸುವುದಿಲ್ಲ.

ಥೈರಾಯ್ಡ್‌ನಲ್ಲಿ ಒಂದು ವಿಚಿತ್ರ ಇದೆ. ಮೊದಲು ಗ್ರಂಥಿ ಒಡೆದು ಹಾರ್ಮೋನ್ ಸೋರಿ ಟಿಎಸ್‌ಎಚ್ ತಳಕ್ಕೆ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಥೈರಾಯ್ಡ್ ಜಾಸ್ತಿಯಾಗಿದೆ ಎಂದು ಕಾರ್ಬಿಮಜೋಲ್ ಕೊಡುವುದು ತಪ್ಪು. ಕೆಲವು ವಾರದಲ್ಲಿ ಅದೇ ಗ್ರಂಥಿ ಬರಿದಾಗಿ ಥೈರಾಕ್ಸಿನ್ ಮಾತ್ರೆ ಬೇಕಾಗುತ್ತದೆ, ಹೆಚ್ಚಿನವರಿಗೆ ಜೀವನಪೂರ್ತಿ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಉರಿಯೂತ ಇಪಿಲಿಮುಮ್ಯಾಬ್‌ನ ವಿಶೇಷ ತೊಂದರೆ. ಹೊಸದಾಗಿ ಶುರುವಾದ ತಲೆನೋವು, ಏಳಲಾಗದಷ್ಟು ಸುಸ್ತು, ಬಿಪಿ ಇಳಿಕೆ, ಸೋಡಿಯಂ ಇಳಿಕೆ. ಕ್ಯಾನ್ಸರ್ ಇರುವವರಿಗೆ ಸುಸ್ತು ಇದ್ದೇ ಇರುತ್ತದೆ ಎಂದು ಬಿಟ್ಟುಬಿಡುವುದರಿಂದ ಇದು ತಪ್ಪಿಹೋಗುತ್ತದೆ. ಬೆಳಗಿನ ಕಾರ್ಟಿಸಾಲ್ ಕಡಿಮೆ ಬಂದರೆ ಹೈಡ್ರೊಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ. ಈ ಕ್ರಮ ತಿರುಗಿದರೆ ದೇಹ ಉಳಿದ ಚೂರು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿ ರೋಗಿ ಕುಸಿದು ಬೀಳಬಹುದು.

ಹೃದಯದ ಉರಿಯೂತ ಅಪರೂಪ, ಆದರೆ ಬಂದರೆ ಈ ಮೊದಲ ವಾರಗಳಲ್ಲೇ ಬರುವುದು ಹೆಚ್ಚು, ಜೋಡಿ ಔಷಧಿಯಲ್ಲಿ ಇನ್ನೂ ಹೆಚ್ಚು. ಎದೆಯಲ್ಲಿ ಭಾರ, ಏದುಸಿರು, ಜೊತೆಗೆ ರೆಪ್ಪೆ ಜೋತುಬೀಳುವುದು, ಎರಡೆರಡಾಗಿ ಕಾಣುವುದು, ತೊಡೆ ಸೋಲುವುದು ಕಂಡರೆ ಓಪಿಡಿ ದಿನಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಯಾವ ಔಷಧಿ ಯಾವ ದಿನ ಆಯಿತು ಎಂದು ಬರೆದ ಚೀಟಿ ತೋರಿಸಬೇಕು. ಊರಿನ ಕ್ಲಿನಿಕ್ಕಿನಲ್ಲಿ ಇಮ್ಯುನೊಥೆರಪಿ ಅಂದರೆ ಕೀಮೋ ಎಂದೇ ತಿಳಿಯುತ್ತಾರೆ. ಚೀಟಿಯಲ್ಲಿ ಔಷಧಿಯ ಹೆಸರು ಸ್ಪಷ್ಟವಾಗಿರಲಿ.

ಮೊದಲ ಡೋಸ್‌ಗೇ ತೀವ್ರ ತೊಂದರೆ ಬಂದರೆ ಎರಡನೆಯದನ್ನು ಬಿಡುತ್ತಾರೆ. ಆಪರೇಷನ್ ಬಿಡುವುದಿಲ್ಲ, ರೋಗಿ ಚೇತರಿಸಿಕೊಂಡ ಕೂಡಲೇ ಮಾಡುತ್ತಾರೆ. ಕಾದರೆ ಹರಡಿಬಿಟ್ಟರೆ ಎಂಬ ಭಯಕ್ಕೆ ಉತ್ತರ: ನಾಡಿನಾದಲ್ಲಿ ಆಪರೇಷನ್‌ಗೆ ಮುಂಚೆ ಕಾಯಿಲೆ ಬೆಳೆದವರು ಶೇ. 2.4 ಮಾತ್ರ. ಔಷಧಿಗೆ ಬಗ್ಗದೆ ಆರು ವಾರದಲ್ಲೇ ಹರಡುವಂಥ ಕಾಯಿಲೆ, ಮೊದಲೇ ಕತ್ತರಿಸಿದ್ದರೂ ಬೇರೆ ಕಡೆ ತಲೆ ಎತ್ತುತ್ತಿತ್ತು ಎಂದೇ ನಮ್ಮ ಅಭಿಪ್ರಾಯ.

ಆಪರೇಷನ್, ಮತ್ತು ಪ್ಯಾಥಾಲಜಿ ರಿಪೋರ್ಟ್

ಐದನೇ ವಾರದ ಸ್ಕ್ಯಾನ್ ನೋಡಿ ಗಾಬರಿಯಾಗುವವರಿದ್ದಾರೆ. ಗಂಟು ಇದ್ದಷ್ಟೇ ದೊಡ್ಡದಿದೆ, ಕೆಲವೊಮ್ಮೆ ಚೂರು ಊದಿದೆ. ಅದರೊಳಗಿರುವುದು ಸತ್ತ ಕ್ಯಾನ್ಸರ್, ಸೇರಿದ ಟಿ ಕೋಶ, ಗಾಯದ ನಾರು ಆಗಿರಬಹುದು. ಸ್ಕ್ಯಾನ್ ಹೇಳುವುದಕ್ಕಿಂತ ಗಂಟಿನೊಳಗಿನ ಪ್ರತಿಕ್ರಿಯೆ ಬಹಳಷ್ಟು ಸಲ ಒಳ್ಳೆಯದೇ ಇರುತ್ತದೆ. ಎದೆಯ ನಡುವಿನ ಗ್ರಂಥಿಗಳು ಎರಡೂ ಬದಿಯಲ್ಲಿ ಸಮನಾಗಿ ಊದಿ ಪೆಟ್‌ನಲ್ಲಿ ಹೊಳೆಯುವುದೂ ಉಂಟು. ಅದು ಸಾರ್ಕಾಯ್ಡ್ ಬಗೆಯ, ಕ್ಯಾನ್ಸರ್ ಅಲ್ಲದ ಉರಿಯೂತದ ಪ್ರತಿಕ್ರಿಯೆ ಆಗಿರಬಹುದು, ನಮ್ಮಲ್ಲಿ ಟಿಬಿಯೂ ಇರಬಹುದು. ಸೂಜಿ ಪರೀಕ್ಷೆ ಮಾಡದೆ ನಾಲ್ಕನೇ ಹಂತಕ್ಕೆ ಹೋಯಿತು ಎಂದು ಆಪರೇಷನ್ ರದ್ದು ಮಾಡಬಾರದು.

ಅರಿವಳಿಕೆ ವೈದ್ಯರಿಗೆ ಇಮ್ಯುನೊಥೆರಪಿ ಆಗಿದೆ ಎಂದು ಹೇಳುವುದು ಮನೆಯವರ ಜವಾಬ್ದಾರಿಯೂ ಹೌದು. ಆ ವಾರ ಕಾರ್ಟಿಸಾಲ್, ಥೈರಾಯ್ಡ್, ಸೋಡಿಯಂ, ಟ್ರೋಪೋನಿನ್ ಮತ್ತೊಮ್ಮೆ ನೋಡಬೇಕು. ಕಾರ್ಟಿಸಾಲ್ ಇಲ್ಲದ ದೇಹ ಆಪರೇಷನ್ ಟೇಬಲ್ ಮೇಲೆ ಬಿಪಿ ಹಿಡಿದುಕೊಳ್ಳುವುದಿಲ್ಲ. ಅಂಥವರಿಗೆ ಅರಿವಳಿಕೆ ಶುರುವಾಗುವಾಗಲೇ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಕೊಡುವುದು ವಾಡಿಕೆ.

ಆಪರೇಷನ್ ಅಂದರೆ ಆ ಜಾಗದ ಎಲ್ಲ ಲಿಂಫ್ ಗ್ರಂಥಿಗಳನ್ನೂ ತೆಗೆಯುವುದು. ತೊಡೆಸಂದಿಯದು ಕಷ್ಟದ ಜಾಗ: ಗಾಯ ಬಿಟ್ಟುಕೊಳ್ಳುವುದು, ನೀರು ತುಂಬುವುದು, ವರ್ಷಗಟ್ಟಲೆ ಕಾಲು ಊತ. ಪ್ರಾಡೊ ಎಂಬ 99 ಜನರ ಪ್ರಯೋಗದಲ್ಲಿ ಕ್ಲಿಪ್ ಹಾಕಿದ ಒಂದೇ ಗಂಟನ್ನು ತೆಗೆದು, ಅದರಲ್ಲಿ ಜೀವಂತ ಕ್ಯಾನ್ಸರ್ ಶೇ. 10ರ ಒಳಗಿದ್ದವರಿಗೆ ದೊಡ್ಡ ಆಪರೇಷನ್ನನ್ನೇ ಬಿಟ್ಟರು. 60 ಜನರಲ್ಲಿ 59 ಮಂದಿಗೆ ಅದು ತಪ್ಪಿತು. ಆಸೆ ಹುಟ್ಟಿಸುವ ಫಲಿತಾಂಶ. ಆದರೆ ಎರಡು ದಾರಿಯನ್ನೂ ಎದುರುಬದುರು ಇಟ್ಟು ನೋಡಿದ ಪ್ರಯೋಗ ಅದಲ್ಲ, ನಾಡಿನಾದಲ್ಲಿ ಎಲ್ಲ ಗ್ರಂಥಿಗಳನ್ನೂ ತೆಗೆದಿದ್ದರು. ಮೊದಲ ಸಲ ಈ ಚಿಕಿತ್ಸೆಗೆ ಕೈಹಾಕುವ ಆಸ್ಪತ್ರೆ ನಾಡಿನಾದ ದಾರಿಯಲ್ಲೇ ಹೋಗುವುದು ಕ್ಷೇಮ.

ಇಡೀ ಚಿಕಿತ್ಸೆಯ ತೀರ್ಪು ಬರುವುದು ಪ್ಯಾಥಾಲಜಿ ಮೇಜಿನ ಮೇಲೆ. ತೆಗೆದ ಗಂಟನ್ನು ಕೊಯ್ದಾಗ ಕಪ್ಪಗೆ ಕಂಡರೆ ಕ್ಯಾನ್ಸರ್ ಉಳಿದಿದೆ ಎಂದರ್ಥವಲ್ಲ. ಸತ್ತ ಮೆಲನೋಮದ ಬಣ್ಣವನ್ನು ನುಂಗಿದ ಮ್ಯಾಕ್ರೋಫೇಜ್ ಎಂಬ ಕಸ ಬಳಿಯುವ ಕೋಶಗಳೂ ಕಪ್ಪಾಗಿಯೇ ಕಾಣುತ್ತವೆ. ಅವನ್ನು ಕ್ಯಾನ್ಸರ್ ಕೋಶದಿಂದ ಬೇರ್ಪಡಿಸಲು ಸಾಕ್ಸ್10ನಂಥ ವಿಶೇಷ ಬಣ್ಣದ ಪರೀಕ್ಷೆ ನೆರವಾಗುತ್ತದೆ. ಗಡ್ಡೆ ಇದ್ದ ಜಾಗ ಪೂರ್ತಿ, ಅಂದರೆ ನಾರು, ಸತ್ತ ಭಾಗ, ಬಣ್ಣ ತುಂಬಿದ ಭಾಗ ಎಲ್ಲ ಸೇರಿಸಿ ಅಳೆದು, ಅದರಲ್ಲಿ ಜೀವಂತ ಕ್ಯಾನ್ಸರ್ ಶೇಕಡಾ ಎಷ್ಟು ಎಂದು ಬರೆಯಬೇಕು. ಸೊನ್ನೆ ಇದ್ದರೆ ಪೂರ್ಣ ಪ್ರತಿಕ್ರಿಯೆ. ಶೇ. 10ರವರೆಗೆ ಇದ್ದರೆ ಬಹುತೇಕ ಪೂರ್ಣ. 10ರಿಂದ 50 ಭಾಗಶಃ. 50 ದಾಟಿದರೆ ಪ್ರತಿಕ್ರಿಯೆ ಇಲ್ಲ. ಗಂಟಿನಲ್ಲಿ ಮೆಲನೋಮ ಇದೆ ಅಥವಾ ಇಲ್ಲ ಎಂಬ ಒಂದು ಸಾಲಿನ ರಿಪೋರ್ಟ್ ಈ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಶೇಕಡಾವಾರು ಬರೆದಿಲ್ಲದಿದ್ದರೆ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು ಪಡೆದು ಮೆಲನೋಮ ನೋಡಿ ಪಳಗಿದ ಪ್ಯಾಥಾಲಜಿಸ್ಟ್ ಹತ್ತಿರ ಎರಡನೇ ಅಭಿಪ್ರಾಯ ಕೇಳಿ.

ಏಕೆಂದರೆ ಮುಂದಿನ ದಾರಿ ಆ ಅಂಕಿಯ ಮೇಲೇ ನಿಂತಿದೆ. ನಾಡಿನಾದಲ್ಲಿ ಶೇ. 10ರ ಒಳಗೆ ಉಳಿದವರು ಔಷಧಿ ನಿಲ್ಲಿಸಿದರೂ ಒಂದು ವರ್ಷದ ಹೊತ್ತಿಗೆ ಶೇ. 95.1 ಜನರಿಗೆ ಕಾಯಿಲೆ ಮರಳಿರಲಿಲ್ಲ. ಭಾಗಶಃ ಪ್ರತಿಕ್ರಿಯೆಯವರಲ್ಲಿ ಇದು ಶೇ. 76.1, ಪ್ರತಿಕ್ರಿಯೆ ಇಲ್ಲದವರಲ್ಲಿ ಶೇ. 57. ಈ ಎರಡು ಗುಂಪಿಗೆ ಮುಂದಿನ ಚಿಕಿತ್ಸೆ ಬೇಕು: ಬಿಆರ್‌ಎಎಫ್ ವಿ600 ಬದಲಾವಣೆ ಇದ್ದರೆ ಡಬ್ರಾಫೆನಿಬ್ 150 ಮಿ.ಗ್ರಾಂ ದಿನಕ್ಕೆರಡು ಸಲ, ಟ್ರಾಮೆಟಿನಿಬ್ 2 ಮಿ.ಗ್ರಾಂ ದಿನಕ್ಕೊಂದು, 46 ವಾರ. ಇಲ್ಲದಿದ್ದರೆ ನಿವೊಲುಮ್ಯಾಬ್ ಇನ್ನೂ 11 ಸಲ.

ಡಬ್ರಾಫೆನಿಬ್, ಟ್ರಾಮೆಟಿನಿಬ್‌ನಂಥ ಮಾತ್ರೆಗಳನ್ನೇ ಆಪರೇಷನ್‌ಗೆ ಮೊದಲು ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಟ್ಟು ನೋಡಿದ್ದಾರೆ, ಗಂಟು ಚೆನ್ನಾಗಿಯೇ ಕರಗುತ್ತದೆ. ಆದರೆ 2021ರಲ್ಲಿ ಹಲವು ಪ್ರಯೋಗಗಳ 192 ಜನರ ಲೆಕ್ಕ ಒಟ್ಟುಗೂಡಿಸಿದಾಗ, ಮಾತ್ರೆಯಿಂದ ಗಂಟು ಪೂರ್ಣ ಕರಗಿದವರಲ್ಲೂ ಎರಡು ವರ್ಷಕ್ಕೆ ಕಾಯಿಲೆ ಮರಳದವರು ಶೇ. 79, ಇಮ್ಯುನೊಥೆರಪಿಗೆ ಪ್ರತಿಕ್ರಿಯಿಸಿದವರಲ್ಲಿ, ಭಾಗಶಃ ಪ್ರತಿಕ್ರಿಯೆ ಸೇರಿಸಿಯೂ, ಶೇ. 96. ಮಾತ್ರೆ ಕೋಶವನ್ನು ಕೊಲ್ಲುತ್ತದೆ, ನೆನಪನ್ನು ಉಳಿಸುವುದಿಲ್ಲ.

ಜೋಡಿ ಔಷಧಿ ತಾಳದ ವಯಸ್ಸಾದವರಿಗೆ, ಇಪಿಲಿಮುಮ್ಯಾಬ್ ಸಿಗದ ಕಡೆ, ಒಂದೇ ಔಷಧಿಯ ದಾರಿ ಇದೆ. ಅಮೆರಿಕದ ಎಸ್1801 ಪ್ರಯೋಗದಲ್ಲಿ 313 ಜನರಿಗೆ, ನಿವೊಲುಮ್ಯಾಬ್‌ನಂತೆ ಪಿಡಿ-1 ತಡೆಯನ್ನು ತೆಗೆಯುವ ಪೆಂಬ್ರೊಲಿಜುಮ್ಯಾಬ್ 200 ಮಿ.ಗ್ರಾಂ ಒಟ್ಟು 18 ಸಲದ ಯೋಜನೆ. ಒಂದು ಗುಂಪಿಗೆ 18 ಡೋಸೂ ಆಪರೇಷನ್ ನಂತರ. ಇನ್ನೊಂದಕ್ಕೆ 3 ಮೊದಲು, 15 ಆಮೇಲೆ. ಔಷಧಿ ಅದೇ, ಒಟ್ಟು ಡೋಸ್ ಅಷ್ಟೇ. ಎರಡು ವರ್ಷಕ್ಕೆ ತೊಂದರೆಯಿಲ್ಲದೆ ಉಳಿದವರು ಶೇ. 49 ಮತ್ತು 72. ಕ್ರಮದ ಬಲ ಎಷ್ಟು ಎಂದು ಇದಕ್ಕಿಂತ ನೇರವಾಗಿ ತೋರಿಸಲಾಗದು.

ಈ ಅಂಕಿಗಳನ್ನು ನಮ್ಮವರಿಗೆ ಹಾಗೇ ಅನ್ವಯಿಸುವಾಗ ಎಚ್ಚರ ಬೇಕು. ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಯುರೋಪ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ, ಬಿಸಿಲಿಗೆ ಚರ್ಮ ಸುಟ್ಟು ಮೆಲನೋಮ ಬಂದವರ ಮೇಲೆ. ಭಾರತದಲ್ಲಿ ಮೆಲನೋಮ ಅಪರೂಪ, ಬಂದರೆ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುವುದು ಹೆಚ್ಚು. ಅದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಅದರ ಜೀನ್ ಬದಲಾವಣೆಗಳು ಕಡಿಮೆ, ಆದ್ದರಿಂದ ಟಿ ಕೋಶಕ್ಕೆ ಸಿಗುವ ಗುರುತುಗಳೂ ಕಡಿಮೆ, ಇಮ್ಯುನೊಥೆರಪಿಗೆ ಬಗ್ಗುವುದೂ ಕಡಿಮೆ. ಚಿಕಿತ್ಸೆಯ ಕ್ರಮಕ್ಕಿರುವ ಕಾರಣ ಇಲ್ಲೂ ಅದೇ; ಲಾಭದ ಪ್ರಮಾಣ ಅಷ್ಟೇ ಇರುತ್ತದೆಂದು ಭರವಸೆ ಕೊಡಲಾಗದು. ಇನ್ನೊಂದು, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ನಿವೊಲುಮ್ಯಾಬ್ 20 ಮಿ.ಗ್ರಾಂ ಮಾತ್ರ ಕೊಟ್ಟು ಲಾಭ ಕಂಡ ಪ್ರಯೋಗವನ್ನು ತೋರಿಸಿ ಇಲ್ಲೂ ಹಾಗೆ ಮಾಡೋಣ ಅನ್ನುವವರಿದ್ದಾರೆ. ಅದು ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ, ಬೇರೆ ಮಾತ್ರೆಗಳ ಜೊತೆ ಮಾಡಿದ್ದು. ಗುಣಪಡಿಸಲು ಸಾಧ್ಯವಿರುವ ಮೆಲನೋಮದಲ್ಲಿ, ಸಿಗುವುದೇ ಎರಡು ಡೋಸ್ ಆಗಿರುವಾಗ, ಪರೀಕ್ಷಿಸದ ಪ್ರಮಾಣಕ್ಕೆ ಇಳಿಯುವುದನ್ನು ನಾವು ಒಪ್ಪುವುದಿಲ್ಲ.

ಚರ್ಮದ ಹೊರಪದರದಲ್ಲಿ ಹುಟ್ಟುವ ಸ್ಕ್ವೇಮಸ್ ಕ್ಯಾನ್ಸರ್‌ಗೂ ಇದೇ ದಾರಿ ತೆರೆದಿದೆ, ಅಲ್ಲಿ ಒಂದೇ ಔಷಧಿಯಿಂದ. ಸೆಮಿಪ್ಲಿಮ್ಯಾಬ್ 350 ಮಿ.ಗ್ರಾಂ ಮೂರು ವಾರಕ್ಕೊಮ್ಮೆ, ಹೆಚ್ಚೆಂದರೆ ನಾಲ್ಕು ಸಲ ಕೊಟ್ಟು ಆಪರೇಷನ್ ಮಾಡಿದ 2022ರ ಪ್ರಯೋಗದಲ್ಲಿ 79 ಜನರಲ್ಲಿ ಶೇ. 51 ಮಂದಿಗೆ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಉಳಿದಿರಲಿಲ್ಲ. ಅವರಲ್ಲಿ ಬಹುಪಾಲು ತಲೆ, ಮುಖ, ಕುತ್ತಿಗೆಯ ಕಾಯಿಲೆಯವರು. ಕಣ್ಣು, ಕಿವಿ ಉಳಿಸಿಕೊಳ್ಳಲು ಇದು ದೊಡ್ಡ ಆಸರೆ. ನಮ್ಮಲ್ಲಿ ಹಳೆಯ ಸುಟ್ಟಗಾಯದ ಕಲೆ ಮೇಲೆ ಹುಟ್ಟುವ ಸ್ಕ್ವೇಮಸ್ ಕ್ಯಾನ್ಸರ್ ಬೇರೆ ಜಾತಿಯದು, ಅದಕ್ಕೆ ಈ ಅಂಕಿ ಹಿಡಿದು ಆಪರೇಷನ್ ಮುಂದೂಡುವ ಮುನ್ನ ಟ್ಯೂಮರ್ ಬೋರ್ಡ್‌ನಲ್ಲಿ, ಅಂದರೆ ಎಲ್ಲ ವಿಭಾಗದ ಕ್ಯಾನ್ಸರ್ ತಜ್ಞರು ಒಟ್ಟು ಕೂತು ನೋಡುವ ಸಭೆಯಲ್ಲಿ, ಚರ್ಚೆಯಾಗಲೇಬೇಕು.

ಆಪರೇಷನ್ ಆಗಿ ಔಷಧಿ ನಿಂತ ಮೇಲೂ ಅಡ್ಡಪರಿಣಾಮ ತಡವಾಗಿ ಬರಬಹುದು, ಆರು ತಿಂಗಳು, ವರ್ಷ ಕಳೆದ ಮೇಲೂ. ಥೈರಾಯ್ಡ್, ಕಾರ್ಟಿಸಾಲ್, ಸಕ್ಕರೆ ಪರೀಕ್ಷೆಗಳು ಮುಂದುವರಿಯಬೇಕು. ಮಕ್ಕಳಾಗುವ ವಯಸ್ಸಿನ ಹೆಂಗಸರು ನಿವೊಲುಮ್ಯಾಬ್‌ನ ಕೊನೆಯ ಡೋಸ್ ಆಗಿ ಕನಿಷ್ಠ ಐದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಹೈಡ್ರೊಕಾರ್ಟಿಸೋನ್ ಮೇಲಿರುವವರು ಜ್ವರ ಬಂದ ದಿನ ಮಾತ್ರೆಯನ್ನು ಎರಡು ಪಟ್ಟು ಮಾಡಿಕೊಳ್ಳಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ 100 ಮಿ.ಗ್ರಾಂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಇದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಕಾರ್ಡ್ ಒಂದು ಪರ್ಸಿನಲ್ಲಿ, ಒಂದು ಮನೆಯಲ್ಲಿರುವವರ ಹತ್ತಿರ.